ಕರೆಂಟಿಲ್ಲದ ತರಕಾರಿ ತೊಟ್ಟಿಗೆ ಕನ್ನಡದ ಹೆಸರು ಬೇಕು (ಬೋರ್ಡಿಗೆ, ತುರ್ತು)

ಕೊಪ್ಪಳದಿಂದ:
ಹಳ್ಳಿಯ ಮಹಿಳಾ ಸಂಘಕ್ಕೆ ಬೋರ್ಡು ಬರೆಸಬೇಕು, ಪೇಂಟರ್ ನಾಳೆ ಬೆಳಿಗ್ಗೆ ಬರ್ತಾನೆ. ಎರಡು ಸುತ್ತು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ. ಸಂದು, ಸಂದಿನ ತುಂಬ ಹಸಿ ಉಸುಕು, ಮೇಲೆ ಒದ್ದೆ ಗೋಣಿತಟ್ಟು. ಬೆಳಿಗ್ಗೆ ಸಂಜೆ ನೀರು ಹಾಕಿದರೆ ಟೊಮೆಟೊ, ಸೊಪ್ಪು ಬೇಗ ಬಾಡುವುದಿಲ್ಲ. 1980ರ ದಶಕದಲ್ಲಿ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ಝೀರೋ ಎನರ್ಜಿ ಕೂಲ್ ಚೇಂಬರ್’. ಕೈಗೆ ಸಿಕ್ಕ ಅನುವಾದ ‘ಶೂನ್ಯ ಶಕ್ತಿ ಶೀತಲ ಕೋಶ’. ಸಂಘದ ಅಕ್ಕ ಓದಿ, “ಶಕ್ತಿನೇ ಇಲ್ಲದ್ದು ಅಂತ ನಾವೇ ಬರಕೋಬೇಕೇನ್ರಿ?” ಅಂದರು.

ಮೈಸೂರಿನಿಂದ:
ನಾಲ್ಕಕ್ಕೆ ನಾಲ್ಕೂ ಸಂಸ್ಕೃತ. ನಮಗೆ ‘ತಣ್’ ಇದೆ: ತಣ್ಣೀರು, ತಂಗಾಳಿ, ತಣ್ಪು. ‘ತಣ್ಮನೆ’ ಎನ್ನಿ. ಮುಗಿಯಿತು.

ಧಾರವಾಡದಿಂದ:
ತಣ್ಮನೆ ಅಂದ್ರ ಹೆಣ ಇಡೋ ಜಾಗ ಅಂದ್ಕೋತಾರ. ನಮ್ಮ ‘ಹಗೇವು’ ಏನಾಗೇದ್ರೀ?

ಮಂಗಳೂರಿನಿಂದ:
ಆಗದು. ಹಗೇವು ಜೋಳ ತುಂಬುವ ನೆಲಗುಂಡಿ, ಅದಕ್ಕೆ ಹಸಿ ತಾಗಬಾರದು. ಇದು ನಡೆಯುವುದೇ ಹಸಿಯಿಂದ: ಉಸುಕಿನ ನೀರು ಆವಿಯಾಗುತ್ತಾ ಒಳಗಿನ ಕಾವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಕೊಪ್ಪಳದ ಒಣಬಿಸಿಲಿಗೆ ಸೈ, ನಮ್ಮೂರಿನ ಸೆಕೆಯಲ್ಲಿ ಅಷ್ಟಕ್ಕಷ್ಟೆ. ಪದ ಹುಡುಕುವ ಮೊದಲು ವಸ್ತು ನೋಡಿ ಮಾರಾಯ್ರೆ.

ಧಾರವಾಡದಿಂದ:
ಹಗೇವು ಬಿಟ್ಟೆ. ಆದರ ಮೈಸೂರಿನವರಿಗೆ ಒಂದು ಪ್ರಶ್ನೆ: ಸಂಸ್ಕೃತ ಬ್ಯಾಡಂದ್ರ ಗೋಡೆ ಯಾತರಿಂದ ಕಟ್ಟಸ್ತೀರಿ? ‘ಇಟ್ಟಿಗೆ’ನೂ ‘ಇಷ್ಟಕಾ’ದಿಂದ ಪ್ರಾಕೃತದ ಹಾದಿ ಹಿಡಿದು ಬಂದದ್ದ.

ಮೈಸೂರಿನಿಂದ:
ಅದು ನಾಲಗೆಯ ಮೇಲೆ ಸವೆದು ಕನ್ನಡವಾಗಿದೆ. ಬ್ಯಾಡಗಿಯ ಮೆಣಸಿನಕಾಯಿ ಮಂದಿ ‘ಕೋಲ್ಡ್ ಸ್ಟೋರೇಜು’ ಎಂದರೂ ನನಗೆ ತಕರಾರಿಲ್ಲ, ಅದು ಆಡುವ ಮಾತು. ‘ಶೀತಲ ಕೋಶ’ ಯಾರ ಬಾಯಲ್ಲಿದೆ? ಮೇಜಿನ ಮೇಲೆ ಹೊಸೆದದ್ದು.

ಮಂಗಳೂರಿನಿಂದ:
ನಿಮ್ಮ ತಣ್ಮನೆ ಎಲ್ಲಿ ಹೊಸೆದದ್ದು?

ಕೊಪ್ಪಳದಿಂದ:
ಜಗಳ ಆಮೇಲೆ ಆಡಿ. ‘ತಂಪುಗೂಡು’ ಹೇಗೆ? ಗೋಡೆಯಲ್ಲಿ ದೀಪದ ಗೂಡು ಕಂಡವರಿಗೆ ತಿಳಿಯುತ್ತದೆ.

ಮೈಸೂರಿನಿಂದ:
ತಂಪು ಸರಿ, ತಣ್ಪಿನದೇ ರೂಪ. ಗೂಡು ಹಕ್ಕಿಯದು. ಒಪ್ಪಲಾರೆ.

ಕೊಪ್ಪಳದಿಂದ:
‘ತರಕಾರಿ ತಂಪುಗೂಡು’ ಅಂತಲೇ ಬರೆಸುತ್ತೇನೆ. ಕೆಳಗೆ ‘ಕರೆಂಟ್ ಬೇಡ, ದಿನಕ್ಕೆರಡು ಸಲ ನೀರು ಹಾಕಿ’. ಪೇಂಟರ್ ಅಕ್ಷರಕ್ಕಿಷ್ಟು ಅಂತ ದುಡ್ಡು ಕೇಳ್ತಾನೆ, ಇನ್ನು ಉದ್ದ ಮಾಡಬೇಡಿ.