ಮಗನನ್ನು ಶಿಬಿರಕ್ಕೆ ಕಳಿಸ್ಲಾ? ಅನುಭವ ಇದ್ದೋರು ಹೇಳಿ

ವಿನೋಬನಗರದ ಅಮ್ಮ: ಮಗನಿಗೆ 12 ವರ್ಷ. ಸಿಪಿ (ಸೆರೆಬ್ರಲ್ ಪಾಲ್ಸಿ) ಇದೆ, ಅಂದ್ರೆ ಮೆದುಳಿನ ತೊಂದರೆಯಿಂದ ಕಾಲಿನ ಸ್ನಾಯು ಬಿಗಿ. ಎರಡೂ ಕಾಲಿಗೆ ಸ್ಪ್ಲಿಂಟ್, ಅಂದ್ರೆ ಪಾದ ಹಿಡಿದಿಡೋ ಆಸರೆ ಹಾಕ್ಕೊಂಡು ನಡೀತಾನೆ. ಶಾಲೆಯಿಂದ ಎರಡು ದಿನದ ಪರಿಸರ ಶಿಬಿರ: ಮೊದಲ ದಿನ ಸಕ್ರೆಬೈಲು ಆನೆ ಬಿಡಾರ, ಮಾರನೇ ದಿನ ಕವಲೇದುರ್ಗ ಕೋಟೆ ಹತ್ತೋದು. ನೀವೂ ಬಂದ್ರೆ ಮಾತ್ರ ಕರ್ಕೊಂಡು ಹೋಗ್ತೀವಿ ಅಂತಾರೆ. ನನಗೆ ರಜೆ ಸಿಗಲ್ಲ. ನೀವೆಲ್ಲ ಏನು ಮಾಡಿದ್ರಿ?

ಸಾಗರದ ಅಪ್ಪ: ನನ್ನ ಮಗಳಿಗೂ ಸ್ಪ್ಲಿಂಟೇ. ಹೋದ ವರ್ಷ ಕೊಡಚಾದ್ರಿ. ಶಾಲೆ ಬಸ್ಸಿನ ಹಿಂದೆ ನಾನು ಕಾರು ಮಾಡ್ಕೊಂಡು ಹೋದೆ. ಬಾಡಿಗೆ 5,800, ಡ್ರೈವರ್ ಬಾಟಾ 500, ಕೆಳಗಿನ ರೂಮಿಗೆ 2,200, ಜೀಪಿಗೆ ಬೇರೆ. ಹಳ್ಳ ದಾಟುವಾಗ ಸಾಕ್ಸ್ ನೆನೆದಿದ್ದು ಯಾರೂ ನೋಡಿಲ್ಲ. ರಾತ್ರಿ ಬಿಚ್ಚಿದ್ರೆ ಹಿಮ್ಮಡಿ ಚರ್ಮ ಸಾಕ್ಸಿಗೇ ಅಂಟ್ಕೊಂಡು ಬಂತು. ಮೂರು ವಾರ ಸ್ಪ್ಲಿಂಟ್ ಹಾಕೋ ಹಾಗಿರಲಿಲ್ಲ, ಅಷ್ಟರಲ್ಲಿ ಕಾಲು ಮತ್ತೆ ಬಿಗಿದು ಹೋಯ್ತು. ಹೊಸದಕ್ಕೆ 9,500. ಆದ್ರೂ ಕಳಿಸಿದ್ದು ಸರಿ ಅಂತಲೇ ಹೇಳ್ತೀನಿ. ಈಗಲೂ ಮನೆಗೆ ಬಂದೋರಿಗೆಲ್ಲ ಆ ಬೆಟ್ಟದ ಕಥೆ ಹೇಳ್ತಾಳೆ.

ತೀರ್ಥಹಳ್ಳಿ ಅಮ್ಮ: ನಾನಂತೂ ಇನ್ನು ಕಳಿಸಲ್ಲ. ನನ್ನ ಮಗನಿಗೆ ಕಿವಿ ಕೇಳಲ್ಲ, ಮಷಿನ್ ಹಾಕ್ತಾನೆ. ಆಗಸ್ಟ್‌ನಲ್ಲಿ ಆಗುಂಬೆಗೆ ಕರ್ಕೊಂಡು ಹೋದ್ರು, ಆ ಮಳೇಲಿ! ತೇವ ಹೀರೋ ಸಿಲಿಕಾ ಜೆಲ್ ಡಬ್ಬಿ ನಾನೇ ಬ್ಯಾಗಲ್ಲಿ ಇಟ್ಟಿದ್ದೆ, ರಾತ್ರಿ ಯಾರೂ ಮಷಿನ್ ಅದರೊಳಗೆ ಹಾಕಲಿಲ್ಲ. ಬೆಳಿಗ್ಗೆ ಎರಡೂ ಸತ್ತಿದ್ವು. 38,000 ರೂಪಾಯಿ. ಹೇಳಿದ್ದು ಕಿವಿಗೆ ಬೀಳಲ್ಲ ಅಂತ ಇಡೀ ದಿನ ಬಸ್ಸಲ್ಲಿ ಕೂರಿಸಿದ್ರು.

ಹೊಸನಗರದ ಮೇಷ್ಟ್ರು: ಬರೀ ನಮ್ಮ ತಪ್ಪೇ ಕಾಣುತ್ತೆ ನಿಮಗೆ. 46 ಮಕ್ಕಳು, ಇಬ್ಬರು ಮೇಷ್ಟ್ರು. ಕಾಡಿನ ಮಧ್ಯೆ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಸಿಗ್ನಲ್ ಇಲ್ಲ. ಮಗ್ಗುಲಿಗೆ ಮಲಗಿಸಿ, ವಾಚ್ ನೋಡ್ತಾ ಕೂತೆ. ನಾಲ್ಕು ನಿಮಿಷ. ಆಮೇಲೆ ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದೆ. ಫಿಟ್ಸ್ ಇರೋದು ಮನೆಯೋರು ಫಾರಂನಲ್ಲಿ ಬರೆದೇ ಇರಲಿಲ್ಲ. ನೋಟಿಸ್ ಬಂದಿದ್ದು ನನಗೆ.

ಸಾಗರದ ಅಪ್ಪ: ಬರೆದ್ರೆ ಸೇರಿಸ್ಕೊಳ್ಳಲ್ಲ ಅಂತ ಹೆದರಿ ಬರೆಯಲ್ಲ ಮೇಷ್ಟ್ರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 16ನೇ ಕಲಂ ನೋಡಿ. ಪಾಠ ಅಷ್ಟೇ ಅಲ್ಲ, ಆಟ, ಮನರಂಜನೆಯಲ್ಲೂ ಸಮಾನ ಅವಕಾಶ ಕೊಡಬೇಕು ಅಂತಿದೆ. ತಾಯಿ ಬಂದ್ರೆ ಮಾತ್ರ ಅನ್ನೋದಕ್ಕೆ ಇವರು ಯಾರು?

ಹೊಸನಗರದ ಮೇಷ್ಟ್ರು: ಕಲಂ ನನಗೂ ಗೊತ್ತು. ಮೂರನೇ ಮೇಷ್ಟ್ರನ್ನು ಕೊಡೋರು ಯಾರು, ಅದನ್ನ ಹೇಳಿ.

ಕೊಪ್ಪದಿಂದ: ನನ್ನ ಮಗನಿಗೆ ಆಟಿಸಂ. ಬಸ್ಸಿನ ಹಾಡಿಗೆ ಕಿವಿ ಮುಚ್ಚೋ ಹೆಡ್‌ಫೋನ್ ಕೊಟ್ಟಿದ್ದೆ, ಅದು ಸರಿಹೋಯ್ತು. ಕೆಡಿಸಿದ್ದು ಇಂಬಳ, ಅದೇ ಕಾಡಿನ ಜಿಗಣೆ. ಕಾಲಿಗೆ ಒಂದು ಹತ್ತಿದ್ದೇ ಎರಡು ಗಂಟೆ ಕಿರುಚಿದಾನೆ. ಕೊಬ್ಬರಿ ಎಣ್ಣೆಗೆ ಹೊಗೆಸೊಪ್ಪು ಹಾಕಿ ಹಚ್ಚಿ ಕಳಿಸಿ.

ತೀರ್ಥಹಳ್ಳಿ ಅಮ್ಮ: ಮಕ್ಕಳ ಮೈಗೆ ಹೊಗೆಸೊಪ್ಪಾ! ಉಪ್ಪಿನ ಗಂಟು ಸಾಕು.

ಕೊಪ್ಪದಿಂದ: ನಮ್ಮ ತೋಟದಲ್ಲಿ ಮೂರು ತಲೆಮಾರಿಂದ ಹಚ್ತಿದೀವಿ. ಮಳೇಲಿ ಉಪ್ಪು ಎಷ್ಟು ಹೊತ್ತು ನಿಲ್ಲುತ್ತೆ?

ತೀರ್ಥಹಳ್ಳಿ ಅಮ್ಮ: ನೀವು ಹಚ್ಕೊಳ್ಳಿ. ಸ್ಪ್ಲಿಂಟ್ ಒಳಗೆ ಎಣ್ಣೆ ಹೋದ್ರೆ ಆ ಹುಡುಗನ ಕಾಲು ಜಾರಲ್ವಾ?

ಹೊಸನಗರದ ಮೇಷ್ಟ್ರು: ವಿನೋಬನಗರದೋರೇ, ಕವಲೇದುರ್ಗದ ಹಾಸುಗಲ್ಲು ಪಾಚಿ ಕಟ್ಟಿ ಜಾರುತ್ತೆ, ಮಳೆ ಪೂರ್ತಿ ಬಿಟ್ಟ ಮೇಲೆ ಇಡಕ್ಕೆ ಹೇಳಿ. ಸಕ್ರೆಬೈಲಿಗೆ ಮಾತ್ರ ತಪ್ಪಿಸ್ಬೇಡಿ. ಬೆಳಿಗ್ಗೆ ಆನೆ ಸ್ನಾನದ ಹೊತ್ತಿಗೇ ಕರ್ಕೊಂಡು ಹೋಗಿ ಅನ್ನಿ. ನಾನು ಹೊತ್ತು ತಂದ ಹುಡುಗ ಈ ವರ್ಷವೂ ಬರ್ತಾನೆ. ಮಾತ್ರೆ ಈ ಸಲ ನನ್ನ ಜೇಬಲ್ಲೇ ಇರುತ್ತೆ.