ಅಪ್‌ಡೇಟ್: ಎಡಗಾಲು ಮಾತ್ರ ಬಾತಿದ್ದು ಯಾಕೆ ಅಂತ ಗೊತ್ತಾಯ್ತು

ಏಳು ತಿಂಗಳ ಬಸುರಿ, ಎಡಗಾಲು ಮಾತ್ರ ತೊಡೆವರೆಗೂ ಬಾತಿದೆ, ಇದು ಸಹಜವಾ ಅಂತ ಕೇಳಿದ್ದೆ. ‘ಇವತ್ತೇ ತೋರಿಸಿ’ ಅಂದವರಿಗೆ ತುಂಬಾ ಥ್ಯಾಂಕ್ಸ್.

ಧಾರವಾಡದಿಂದ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಎರಡೂ ಮೀನಖಂಡಕ್ಕೆ ಟೇಪ್ ಸುತ್ತಿ ಅಳೆದರು. ಎಡಗಡೆಯದು ಎದ್ದು ಕಾಣುವಷ್ಟು ದಪ್ಪ, ಮುಟ್ಟಿದರೆ ಬಿಸಿ. ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಡಿವಿಟಿ ಅಂತಾರೆ. ಬಸುರಿಯರಿಗೆ ಇದು ಎಡಗಾಲಿಗೇ ಜಾಸ್ತಿಯಂತೆ. ಆ ಕಾಲಿಂದ ಮೇಲೆ ಹೋಗೋ ದೊಡ್ಡ ನಾಳದ ಮೇಲೆ ಇನ್ನೊಂದು ರಕ್ತನಾಳ ಅಡ್ಡ ಹಾದು ಒತ್ತುತ್ತದೆ. ಅದರ ಜೊತೆ ಹೊಟ್ಟೆಯ ಭಾರ ಬೇರೆ.

ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯೋ ಎನಾಕ್ಸಪ್ಯಾರಿನ್ ಇಂಜೆಕ್ಷನ್ ನಡೀತಿದೆ. ತೂಕ ನೋಡಿ ಡೋಸ್. ಇದು ಮಾಸು ದಾಟಿ ಮಗುವಿಗೆ ಹೋಗಲ್ಲ ಅಂದಮೇಲೆ ಜೀವ ಬಂತು. ಹೆರಿಗೆ ಆದಮೇಲೂ ಕನಿಷ್ಠ 6 ವಾರ ತಗೋಬೇಕು. ಹೆರಿಗೆ ನೋವು ಶುರುವಾದರೆ ಮುಂದಿನ ಇಂಜೆಕ್ಷನ್ ಹಾಕಿಕೊಳ್ಳದೆ ಸೀದಾ ಆಸ್ಪತ್ರೆಗೆ. ಎದೆ ನೋವು, ಉಸಿರಾಟ ಕಷ್ಟ ಆದರೆ ಒಂದು ಕ್ಷಣವೂ ಕಾಯಬಾರದು.

ಅತ್ತೆ ಪಾಪ, ಕಾಲು ತಿಕ್ಕೋಕೆ ಎಣ್ಣೆ ಬಿಸಿ ಮಾಡಿಟ್ಟಿದ್ದರು. ತಿಕ್ಕಲೇಬಾರದು ಅಂತ ಡಾಕ್ಟರು ಅಂದಿದ್ದಾರೆ.

ಬಾವು ಇಳೀತಿದೆ. ಬರುವ ವಾರ ಕುಬಸ (ಸೀಮಂತ), ತುಂಬಾ ಹೊತ್ತು ಕಾಲು ಇಳಿಬಿಟ್ಟು ಕೂರೋ ಹಾಗಿಲ್ಲ. ಮುಂದೆ ಒಂದು ಸ್ಟೂಲ್ ಇಡಿಸ್ತೀನಿ, ನೋಡಿದವರು ಏನಾದರೂ ಅಂದುಕೊಳ್ಳಲಿ.