ತಮ್ಮ ವಿಸಿಟ್ ವೀಸಾದಲ್ಲಿ ದುಬೈಗೆ ಹೋಗ್ತೀನಿ ಅಂತಾನೆ, ಕಳಿಸಬಹುದಾ?

ಕಾರಟಗಿ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಸೋನಾ ಮಸೂರಿ ದುಬೈ ತನಕ ಹೋಗುತ್ತದೆ. 2023ರ ಜುಲೈ 20ಕ್ಕೆ ಸರ್ಕಾರ ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಅವತ್ತು ಅರಬ್ಬಿ ಅಕ್ಷರ ಅಚ್ಚು ಹಾಕಿದ ಐದು ಕಿಲೋ ಚೀಲಗಳು ನಮ್ಮ ಗೋದಾಮಿನಲ್ಲೇ ಉಳಿದವು. ಹಮಾಲರು ಲಾರಿಗೆ ಕಾದು ಕಾದು ಮನೆಗೆ ಹೋದರು. ಸೆಪ್ಟೆಂಬರಿನಲ್ಲಿ ದುಬೈ ಇರುವ ಯುಎಇ ದೇಶಕ್ಕೆ 75,000 ಟನ್ ಕಳಿಸಲು ಒಪ್ಪಿಗೆ ಕೊಟ್ಟರು. ಎರಡು ದೇಶಗಳ ಸ್ನೇಹ ಎಷ್ಟು ಗಟ್ಟಿ ಅಂತ ಆಗ ಅನ್ನಿಸಿತ್ತು.

ಈಗ ವಿಷಯ ನನ್ನ ತಮ್ಮನದು. ಎಸ್ಸೆಸ್ಸೆಲ್ಸಿ ಫೇಲ್. ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಏಜೆಂಟ್ ಒಬ್ಬ 1 ಲಕ್ಷ 20 ಸಾವಿರ ಕೇಳಿದ್ದಾನೆ. ವಿಸಿಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲಿ ಕೆಲಸದ ವೀಸಾ ಮಾಡಿಸುತ್ತಾನಂತೆ. "ಎರಡೂ ಸರ್ಕಾರ ದೋಸ್ತಿ ಇವೆ, ಏನೂ ಆಗಲ್ಲ" ಅಂತಾನೆ. ಅವ್ವ ಬೋರಮಾಳ ಸರ ಅಡ ಇಡಲು ತಯಾರಾಗಿದ್ದಾಳೆ. ಏನು ಮಾಡಲಿ?

ಸಿಂಧನೂರು ಟು ಶಾರ್ಜಾ:
ತಮ್ಮಾ, ಅವ್ವನ ಸರ ಪೆಟ್ಟಿಗೆಯಲ್ಲೇ ಇರಲಿ. ನಾನು 2011ರಲ್ಲಿ ಹೀಗೇ ಬಂದವನು. ಒಂದೇ ರೂಮಿನಲ್ಲಿ ಎಂಟು ಜನ. ನಲವತ್ತು ದಿನ ಕೆಲಸ ಮಾಡಿಸಿ ಒಂದು ದಿರ್ಹಮ್ ಕೊಡಲಿಲ್ಲ. ಕೇಳೋಕೆ ಹೋದರೆ "ನಿನ್ನ ಕರಾರು ತೋರಿಸು" ಅಂದರು. ಎಲ್ಲಿಂದ ತೋರಿಸಲಿ? ನಾನು ಪ್ರವಾಸಿ ಅಲ್ವಾ ಕಾಗದದಲ್ಲಿ!

ನಿನ್ನ ತಮ್ಮ ಹತ್ತನೇ ತರಗತಿ ಪಾಸಾಗಿಲ್ಲ ಅಂದರೆ ಅವನ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅಂತ ಮುದ್ರೆ ಇರುತ್ತದೆ. ಅಂಥವರು ಕೆಲಸಕ್ಕೆ ಹೋಗುವಾಗ 18 ದೇಶಗಳಿಗೆ ನಮ್ಮ ಸರ್ಕಾರದ ಅನುಮತಿ ಬೇಕು. ಯುಎಇ ಅದರಲ್ಲಿದೆ. ಇ-ಮೈಗ್ರೇಟ್ ಅನ್ನೋ ಸರ್ಕಾರದ ಪೋರ್ಟಲ್‌ನಲ್ಲಿ ಕಂಪನಿ, ಸಂಬಳ, ಕರಾರು ಎಲ್ಲಾ ದಾಖಲಾಗುತ್ತದೆ. ವಿಸಿಟ್ ವೀಸಾ ಅಂದರೆ ಇದನ್ನೆಲ್ಲ ತಪ್ಪಿಸೋ ದಾರಿ. ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ 10 ಲಕ್ಷದ ವಿಮೆಯೂ ಮಾಡಿಸಬೇಕು, ಎರಡು ವರ್ಷಕ್ಕೆ ಕಂತು ಬರೀ 275 ರೂಪಾಯಿ. ನಿಮ್ಮ ಏಜೆಂಟ್ ಇದರ ಸುದ್ದಿನೇ ಎತ್ತಿಲ್ಲ, ನೋಡು.

ಇಲ್ಲಿನ ಕಾನೂನು ಕೆಟ್ಟದ್ದಲ್ಲ. ಕಂಪನಿಯವರು ನಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸುವ ಹಾಗಿಲ್ಲ. ಆದರೆ ಕೆಲಸದ ಪರ್ಮಿಟ್ ಇಲ್ಲದವನು ಇದನ್ನು ಯಾವ ಬಾಯಲ್ಲಿ ಕೇಳುತ್ತಾನೆ?

ನೀನು ಹೇಳಿದ ಅಕ್ಕಿ ವಿಷಯ ನನಗೂ ನೆನಪಿದೆ. ಆಗಸ್ಟಿನಲ್ಲಿ ಅಂಗಡಿಯ ಸೋನಾ ಮಸೂರಿ ಕಪಾಟು ಖಾಲಿ. ಯುಎಇ ಕೂಡ ಅಕ್ಕಿ ಹೊರಗೆ ಹೋಗದಂತೆ ನಾಲ್ಕು ತಿಂಗಳು ತಡೆ ಹಾಕಿತ್ತು. ರೂಮಿನ ಕೇರಳದ ಹುಡುಗ ತನ್ನ ಕೆಂಪು ಕುಚ್ಚಲಕ್ಕಿ ಕೊಟ್ಟ. ಒಳ್ಳೆ ಅಕ್ಕಿನೇ. ಆದರೆ ನಮ್ಮ ಕಡೆಯ ಅನ್ನಕ್ಕೆ ಸಾರು ಕಲಸಿ ಉಂಡ ಕೈಗೆ ಸಮಾಧಾನ ಆಗಲಿಲ್ಲ.

ರಾಯಚೂರು ಮೇಷ್ಟ್ರು:
ಭಾರತ, ಯುಎಇ ಸಂಬಂಧ ನಿನ್ನೆ ಮೊನ್ನೆಯದಲ್ಲ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದೇ ಬೇರೆ ರೂಪಾಯಿ ನೋಟು ಅಚ್ಚು ಹಾಕಿತ್ತು. 1966ರಲ್ಲಿ ನಮ್ಮ ರೂಪಾಯಿ ಬೆಲೆ ಇಳಿಸಿದ ಮೇಲೆ ಇಂದಿನ ಯುಎಇ ಭಾಗದವರು ಅದನ್ನು ಕೈಬಿಟ್ಟರು. 2022ರ ಮೇ 1ರಿಂದ ಎರಡು ದೇಶಗಳ ನಡುವೆ ಸೆಪಾ ಅನ್ನುವ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 2024-25ರಲ್ಲಿ ವ್ಯಾಪಾರ 10 ಸಾವಿರ ಕೋಟಿ ಡಾಲರ್ ದಾಟಿತು. ಆದರೆ ಸೆಪಾ ಮುಖ್ಯವಾಗಿ ಸರಕು, ಸುಂಕ, ಸೇವೆಗಳ ಒಪ್ಪಂದ. ಏಜೆಂಟ್ ಹೇಳುವ ದೋಸ್ತಿ ನಿಮ್ಮ ತಮ್ಮನ ಸಂಬಳಕ್ಕೆ ಜಾಮೀನು ನಿಲ್ಲುವುದಿಲ್ಲ.

ಕುಷ್ಟಗಿ ಅಕ್ಕ:
ನಮ್ಮ ಮನೆಯವರು ಅಬುಧಾಬಿಯಲ್ಲಿ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಅವರ ಕರಾರಿನ ಜೆರಾಕ್ಸ್ ನನ್ನ ಟ್ರಂಕಿನಲ್ಲಿ ಸೀರೆ ಕೆಳಗೆ ಇತ್ತು. ಅದನ್ನು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದ ಮೇಲೆಯೇ ಆಸ್ಪತ್ರೆ ಖರ್ಚು, ಬಾಕಿ ಸಂಬಳ ಬಂದವು. ತಮ್ಮನನ್ನು ಯಾವಾಗ ಕಳಿಸಿದರೂ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ, ಅಣ್ಣಾ.

ಕಾರಟಗಿ ಗುಮಾಸ್ತ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಪಾಸ್‌ಪೋರ್ಟ್ ತೆಗೆದು ನೋಡಿದೆ, ಇಸಿಆರ್ ಮುದ್ರೆ ಇದೆ. ಪೋರ್ಟಲ್‌ನಲ್ಲಿ ಹುಡುಕಿದೆ, ಏಜೆಂಟನ ಹೆಸರು ಇಲ್ಲ. ನಮ್ಮ ಮಿಲ್ಲಿನಿಂದ ಒಂದು ಲೋಡ್ ಅಕ್ಕಿ ಹೊರಡಬೇಕಾದರೆ ಎಷ್ಟು ಕಾಗದಕ್ಕೆ ನಾನೇ ಸಹಿ ಹಾಕಿಸುತ್ತೇನೆ! ತಮ್ಮನನ್ನು ಮಾತ್ರ ಬರೀ ಬಾಯಿಮಾತಿನ ಮೇಲೆ ಕಳಿಸಲು ಹೊರಟಿದ್ದೆ. ಅವನು ಸಿಟ್ಟಾಗಿ ನಿನ್ನೆಯಿಂದ ಮಾತಾಡುತ್ತಿಲ್ಲ. ಶಾರ್ಜಾ ಅಣ್ಣಾ, ನಿಮ್ಮ ನಲವತ್ತು ದಿನದ ಕಥೆ ಅವನಿಗೆ ನೀವೇ ಒಂದ್ಸಲ ಫೋನಿನಲ್ಲಿ ಹೇಳುತ್ತೀರಾ?

ಸಿಂಧನೂರು ಟು ಶಾರ್ಜಾ:
ಶುಕ್ರವಾರ ಮೆಸೇಜ್ ಮಾಡು. ಡ್ಯೂಟಿ ಇರಲ್ಲ, ಎಷ್ಟು ಹೊತ್ತಾದರೂ ಮಾತಾಡುತ್ತೇನೆ.